ಹೊಯಿಗೆ ಬಜಾರಿನಲ್ಲಿ ಅಕ್ಷರ ಬಿಚ್ಚಿದ ದಿನ

ಪತ್ತನಾಜೆಯ ಮರುದಿನ ಬೆಳಗ್ಗೆ ಆರು ಗಂಟೆಗೆ ನಾವು ಪುತ್ತೂರು ಬಿಟ್ಟೆವು. ನಾವೆಂದರೆ ನಾನು, ನನ್ನ ಭಾವ ಮತ್ತು ಕೆಎ–21ರ ಹಳದಿ ಬೋರ್ಡು ಹೊತ್ತ ಅವರ ಬಿಳಿ ಪಿಕಪ್. ಅಡಿಕೆ, ಬಾಳೆಗೊನೆ, ಗೊಬ್ಬರದ ಮೂಟೆ, ಮದುವೆ ಮನೆಯ ಪಾತ್ರೆ, ಮಂಗಳೂರು ದಕ್ಕೆಯಿಂದ ಐಸು ತುಂಬಿದ ಮೀನಿನ ಪೆಟ್ಟಿಗೆ, ಏಳು ವರ್ಷಗಳಲ್ಲಿ ಅದು ಹೊರದ ಹೊರೆಯಿಲ್ಲ. ಹಿಂದಿನ ತಿಂಗಳು ಸಾಲದ ಕೊನೆಯ ಕಂತು ಮುಗಿದಿತ್ತು. ಬ್ಯಾಂಕಿನವರು ಫಾರ್ಮ್ 35ಕ್ಕೆ ಸಹಿ ಹಾಕಿ ಕೊಟ್ಟಿದ್ದರು, ಆರ್‌ಸಿಯಿಂದ ಬ್ಯಾಂಕಿನ ಹೆಸರು ಹೋಗಿತ್ತು. ಆವತ್ತು ರಾತ್ರಿ ಊಟಕ್ಕೆ ಕೂತಾಗ ಭಾವ ಹೇಳಿದ ಮಾತು ಈ ಪ್ರಯಾಣಕ್ಕೆ ಕಾರಣ. "ಬ್ಯಾಂಕಿನ ಹೆಸರು ಹೋಯ್ತು ಭಾವ. ಇನ್ನು ಕಂಪೆನಿ ಹೆಸರೂ ಹೋಗ್ಲಿ. ಗಾಡಿ ಈಗ ನಮ್ದೇ ಅಲ್ವಾ."

ಇನ್ನೊಂದು ಕಾರಣವೂ ಇತ್ತು. ಎರಡೂ ಮಡ್‌ಗಾರ್ಡಿನ ಮೇಲೆ ಮಾದರಿಯ ಹೆಸರಿನ ಫಲಕದ ಕೆಳಗಿನಿಂದ ಕಂದು ಬಣ್ಣದ ಗೀರು ಇಳಿಯಲು ಶುರುವಾಗಿತ್ತು. ಹಿಂಬಾಗಿಲಿನ ದೊಡ್ಡ ಅಕ್ಷರಗಳ ಸಂದಿಯಲ್ಲಿ ಮೀನಿನ ಉಪ್ಪುನೀರು ನಿಂತು ಒಣಗಿ ಹಳದಿ ಕಟ್ಟಿತ್ತು. ಚಕ್ರದ ಕಮಾನಿಗೆ ಹಾಕಿದ ಕಪ್ಪು ಪ್ಲಾಸ್ಟಿಕ್ ಪಟ್ಟಿಯ ಹಿಂದೆ ತೋಟದ ಕೆಸರು ಗಟ್ಟಿಯಾಗಿ ಕೂತಿತ್ತು. ಇಷ್ಟೆಲ್ಲ ಅಲಂಕಾರವೂ ಮಳೆ ಹಿಡಿಯುವ ಮೊದಲು ಇಳಿಯಬೇಕಿತ್ತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಮಂಗಳೂರು. ತಗಡಿನಲ್ಲಿ ತೂತು ಬಿಟ್ಟುಕೊಂಡು ಜೂನ್ ತಿಂಗಳಿಗೆ ಕಾಲಿಡುವುದು ಯಾರಿಗೂ ಒಳ್ಳೆಯದಲ್ಲ.

ಪತ್ತನಾಜೆ ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಸುಮಾರಿಗೆ ಬರುವಂಥದು. ಅಲ್ಲಿಗೆ ಕೋಲ, ಜಾತ್ರೆಗಳು ನಿಲ್ಲುತ್ತವೆ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ದೇವರ ಮುಂದೆ ಗೆಜ್ಜೆ ಬಿಚ್ಚುತ್ತವೆ. ಆರು ತಿಂಗಳು ರಾತ್ರಿಯಿಡೀ ಕುಣಿದ ಕಾಲುಗಳಿಂದ ಗೆಜ್ಜೆ ಇಳಿಯುವ ಆ ಹೊತ್ತನ್ನು ನಾನು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇನೆ. ಅದಕ್ಕೇ ಇರಬೇಕು, ಪಿಕಪ್ಪಿನ ಮೈಮೇಲಿನ ಒಡವೆ ತೆಗೆಸಲು ಈ ದಿನವೇ ಸರಿ ಎಂದು ನಮ್ಮಿಬ್ಬರಿಗೂ ಅನ್ನಿಸಿತು.

ಕಬಕ ದಾಟಿ, ಮಾಣಿಯಲ್ಲಿ ಹೆದ್ದಾರಿ ಸೇರಿ, ಕಲ್ಲಡ್ಕದಲ್ಲಿ ಕೆಟಿಗೆ ನಿಂತೆವು. ಕಲ್ಲಡ್ಕ ಟೀ ಕುಡಿಯದವರಿಗಾಗಿ ಹೇಳುತ್ತೇನೆ: ಗಾಜಿನ ಲೋಟದಲ್ಲಿ ಕೆಳಗೆ ಬೆಳ್ಳಗೆ ಹಾಲು, ಮೇಲೆ ಕೆಂಪಗೆ ಡಿಕಾಕ್ಷನ್, ನಡುವೆ ಗೆರೆ ಎಳೆದಂಥ ಗಡಿ. ಸಕ್ಕರೆ ಸೇರಿದ ಹಾಲು ಭಾರ, ಡಿಕಾಕ್ಷನ್ ಹಗುರ, ಹಾಗಾಗಿ ಚಮಚ ಇಳಿಸುವವರೆಗೆ ಒಂದರೊಳಗೊಂದು ಬೆರೆಯುವುದಿಲ್ಲ. ಬಣ್ಣ ಪದರ ಪದರವಾಗಿ ನಿಲ್ಲುವ ವಿದ್ಯೆಯನ್ನು ಆ ದಿನ ನಾನು ಇನ್ನೊಂದು ಕಡೆ ಕಾಣಲಿದ್ದೆ ಎಂದು ಆಗ ಗೊತ್ತಿರಲಿಲ್ಲ.

ಪಾಣೆಮಂಗಳೂರು ಸೇತುವೆಯಲ್ಲಿ ನೇತ್ರಾವತಿ ದಾಟಿದ ಮೇಲೆ ನಾನು ಮುಂದಿನ ಗಾಡಿಗಳ ಬೆನ್ನು ಓದಲು ತೊಡಗಿದೆ. ದಿನಾ ಕಣ್ಣಿಗೆ ಬೀಳುವುದನ್ನೇ ಮೊದಲ ಸಲ ಕಂಡ ಹಾಗಾಯಿತು. ನಮ್ಮ ಕಡೆಯ ಪ್ರತಿ ಗಾಡಿಗೂ ಎರಡೆರಡು ಹೆಸರು! ಒಂದು ಮಹೀಂದ್ರ, ಟಾಟಾ, ಅಶೋಕ್ ಲೇಲ್ಯಾಂಡ್, ಇಸುಜು ಎಂಬ ಕಾರ್ಖಾನೆಯ ಹೆಸರು. ಇನ್ನೊಂದು ಶ್ರೀ ದುರ್ಗಾಪರಮೇಶ್ವರಿ, ಸ್ವಾಮಿ ಕೊರಗಜ್ಜ, ಮಾಶಾ ಅಲ್ಲಾ, ಸಂತ ಆಂತೋನಿ ಎಂಬ ಮನೆಯ ಹೆಸರು. 1986ರಲ್ಲಿ ಬಂದ ಟಾಟಾ 407ರಿಂದ ಹಿಡಿದು 2005ರ ಟಾಟಾ ಏಸ್, 2011ರ ಲೇಲ್ಯಾಂಡ್ ದೋಸ್ತ್‌ವರೆಗೆ, ಪರಂಗಿಪೇಟೆ ಮತ್ತು ಪಡೀಲಿನ ನಡುವೆ ಇಪ್ಪತ್ತೈದು ವರ್ಷಗಳ ಚರಿತ್ರೆಯೇ ನಮ್ಮ ಮುಂದೆ ಓಡುತ್ತಿತ್ತು. ಕಾರ್ಖಾನೆಯ ಹೆಸರು ಬೆಳ್ಳಿ ಬಣ್ಣದಲ್ಲಿ ಉಬ್ಬಿ ನಿಂತಿತ್ತು. ಮನೆಯ ಹೆಸರು ಕೈಯಲ್ಲಿ ಬರೆದ ಕೆಂಪು, ಹಳದಿ ಬಣ್ಣದಲ್ಲಿ ಗಾಜಿನ ನೆತ್ತಿಯಲ್ಲಿತ್ತು. ಭಾವನ ಗಾಡಿಯ ನೆತ್ತಿಯಲ್ಲೂ ಪುತ್ತೂರಿನ ಮಹಾಲಿಂಗೇಶ್ವರನಿದ್ದಾನೆ. ಅದನ್ನು ಮುಟ್ಟುವ ಮಾತೇ ಇರಲಿಲ್ಲ.

ಪಂಪ್‌ವೆಲ್ ದಾಟಿ ಕಂಕನಾಡಿ, ವೆಲೆನ್ಸಿಯ, ಜೆಪ್ಪು ಮಾರ್ಗವಾಗಿ ಇಳಿದೆವು. ಜೆಪ್ಪುವಿನಲ್ಲಿ ನಾನು ಗಾಡಿ ನಿಧಾನ ಮಾಡಲು ಹೇಳಿದೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಈ ಭಾಗದಲ್ಲಿ, ನೇತ್ರಾವತಿಯ ದಡದ ಹತ್ತಿರ. ಮೊದಲು ಅಚ್ಚುಕೂಟದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್, ಇಲ್ಲಿಯ ಹೊಳೆಮಣ್ಣನ್ನು ಕೈಯಲ್ಲಿ ಹಿಡಿದು ನೋಡಿ, ಇದರಿಂದ ಹಂಚು ಮಾಡಬಹುದೆಂದು ಕಂಡುಕೊಂಡ. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಹಂಚಿನ ಮಾದರಿ ಫ್ರಾನ್ಸಿನ ಆಲ್ಸಾಸ್ ಪ್ರಾಂತದ್ದು, ಜಿಲಾರ್ಡೋನಿ ಸೋದರರು 1841ರಲ್ಲಿ ಕಂಡುಹಿಡಿದದ್ದು. ಅದು ನಮ್ಮ ಹೊಳೆಬದಿಗೆ ಬಂದು ಮಂಗಳೂರು ಹಂಚು ಎಂಬ ಹೆಸರು ಹೊತ್ತು ಹಡಗು ಹತ್ತಿ ಪೂರ್ವ ಆಫ್ರಿಕ, ಸಿಂಹಳಗಳವರೆಗೆ ಹೋಯಿತು. 1868ರಲ್ಲಿ ಆಲ್ಬುಕರ್ಕ್ ಮನೆತನದ ಕಾರ್ಖಾನೆ ಬಂತು. ಆಮೇಲೆ ಹೊಳೆಗಳ ದಡದುದ್ದಕ್ಕೆ ಹೊಗೆಗೂಡುಗಳ ಸಾಲೇ ಎದ್ದಿತು. ಈಗ ಅವು ಒಂದೊಂದಾಗಿ ಬಿದ್ದಿವೆ. ಬಿದ್ದ ಜಾಗದಲ್ಲಿ ಎತ್ತರದ ಕಟ್ಟಡಗಳು.

ನಾವು ಹೊರಟಿದ್ದ ಹೊಯಿಗೆ ಬಜಾರಿನ ಶೆಡ್ಡು ಹೊಳೆಗೆ ಬೆನ್ನು ಹಾಕಿ ನಿಂತ ಹಳೆಯ ಗೋದಾಮು. ಹೊರಗೆ ಎರಡು ಮುರಿದ ಜೀಪು, ಒಂದು ಟೆಂಪೊ, ಬಣ್ಣದ ಡಬ್ಬಿಗಳು. ಒಳಗೆ ಕಾಲಿಟ್ಟ ಕೂಡಲೇ ತಂಪು. ತಲೆಯೆತ್ತಿ ನೋಡಿದೆ. ಮಾಡಿನ ಹಂಚುಗಳ ಒಳಮೈಯಲ್ಲಿ, ಸಾಲು ಸಾಲಾಗಿ, ಒಂದೇ ಹೆಸರು ನೂರಾರು ಸಲ: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ನಡುನಡುವೆ ಆಲ್ಬುಕರ್ಕ್, 1868. ನನಗೆ ಗಂಟಲು ಬಿಗಿಯಿತು. ಅಜ್ಜನ ಮನೆಯಲ್ಲಿ ಜ್ವರ ಬಂದು ಚಾಪೆಯಲ್ಲಿ ಅಂಗಾತ ಮಲಗಿದ್ದಾಗ ನಾನು ಜೋಡಿಸಿ ಓದಿದ ಮೊದಲ ಇಂಗ್ಲಿಷ್ ಅಕ್ಷರಗಳು ಇವೇ. ಶಾಲೆಯ ಪುಸ್ತಕಕ್ಕಿಂತ ಮೊದಲು ಮಾಡು ನನಗೆ ಎಬಿಸಿಡಿ ಕಲಿಸಿತ್ತು.

ಶೆಡ್ಡಿನ ಮೇಸ್ತ್ರಿಯನ್ನು ಎಲ್ಲರೂ ಕಾಕ ಎಂದು ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು. ಟಿಂಕರಿಂಗ್, ಪೇಂಟಿಂಗ್ ಎರಡೂ ಬಲ್ಲ ಬ್ಯಾರಿ ಹಿರಿಯರು. ಅವರು ಗಾಡಿಯ ಸುತ್ತ ಒಂದು ಬಾರಿ ಮೌನವಾಗಿ ಬಂದರು. ಪ್ರತಿ ಅಕ್ಷರದ ಅಂಚಿಗೂ ಉಗುರು ಹಾಕಿ ನೋಡಿದರು. "ಮೋನೋಗ್ರಾಂ ಎಲ್ಲ ತೆಗೀಬೇಕಾ? ಬೀಡಿಂಗೂ?" ಎಂದು ಕೇಳಿದರು. ಲಾಂಛನಕ್ಕೆ ಬಿಡಿಭಾಗದ ಅಂಗಡಿಯಿಂದ ಶೆಡ್ಡಿನವರೆಗೆ ಎಲ್ಲರೂ ಹೇಳುವುದು ಮೋನೋಗ್ರಾಂ ಎಂದೇ, ಬೀಡಿಂಗ್ ಎಂದರೆ ಮೈಗೆ ಹಾಕಿದ ಪಟ್ಟಿ. ಭಾವ ತಲೆಯಾಡಿಸಿದರು.

"ಎರಡು ನಮೂನೆ ಉಂಟು ಮಾರಾಯ್ರೆ. ಹಿಂದಿನದ್ದು ಅಂಟಿಸಿದ್ದು. ಸೈಡಿನದ್ದು ಮೊಳೆ ಇರುವಂಥದು, ಒಳಗೆ ತೂತು ಉಂಟು. ಅಂಟಿಸಿದ್ದು ಕೇಳಿದ್ರೆ ಬರ್ತದೆ. ತೂತಿನದ್ದು ತೆಗೆದ್ರೆ ಕೆಲಸ ಮುಗಿಯುದಿಲ್ಲ, ಶುರುವಾಗುದು." ಹೀಗೆಂದು ಅವರು ನನ್ನನ್ನೇ ದಕ್ಕೆಗೆ ಅಟ್ಟಿದರು: ಗಾಳದ ನೈಲಾನ್ ದಾರ ಬೇಕು, ಅರ್ಧ ಮಿಲಿಮೀಟರ್ ದಪ್ಪದ್ದು.

ಲಾಂಛನ ಬಿಡಿಸಲು ಗಾಳದ ದಾರ! ಲೋಕದ ಎಲ್ಲ ಕಡೆ ಈ ಕೆಲಸಕ್ಕೆ ಅದನ್ನೇ ಬಳಸುತ್ತಾರಂತೆ, ಆದರೆ ಗಾಳ ಹಾಕುವವರ ಊರಿನಲ್ಲೇ ಆ ದಾರ ಕೊಳ್ಳುವುದಿದೆಯಲ್ಲ, ಅದರ ಸಂತೋಷ ಬೇರೆ. ಶೆಡ್ಡಿನ ಹುಡುಗನ ಸ್ಕೂಟರಿನಲ್ಲಿ ಹಿಂದೆ ಕೂತು ದಕ್ಕೆಗೆ ಹೋದೆ. ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಹಾಗಾಗಿ ಮೇ ಕೊನೆಯ ದಕ್ಕೆಯಲ್ಲಿ ಬೋಟಿಗೆ ಬೋಟು ಒತ್ತಿ ನಿಂತಿತ್ತು. ಒಂದರ ಮೂತಿಯಿಂದ ಇನ್ನೊಂದರ ಮೂತಿಗೆ ಹಾರುತ್ತ ನಡೆದರೆ ಕಾಲು ಒದ್ದೆಯಾಗದೆ ಬೆಂಗ್ರೆಯ ಕಡೆಗೆ ಅರ್ಧ ಹೊಳೆ ದಾಟಬಹುದೇನೋ ಎಂಬಷ್ಟು. ಐಸು ಒಡೆಯುವ ಸದ್ದು, ಬೂತಾಯಿ ರಾಶಿ, ಪೆಟ್ಟಿಗೆ ಹೊತ್ತು ಓಡುವ ಜನ, ಹಿಂಬಾಗಿಲು ತೆರೆದು ನೀರು ಸುರಿಸುತ್ತ ಕಾಯುವ ಪಿಕಪ್‌ಗಳು. ಕೆಎ–19, ಕೆಎ–20, ಕಾಸರಗೋಡಿನ ಕೆಎಲ್–14. ಎಲ್ಲದರ ಮೈಯಲ್ಲೂ, ಸರಿಯಾಗಿ ಲಾಂಛನದ ಕೆಳಗೆ, ಅದೇ ಕಂದು ಕಣ್ಣೀರಿನ ಗೀರು. ಉಪ್ಪುನೀರು ಮೊದಲು ಹುಡುಕುವುದು ಹೆಸರಿನ ಸಂದಿಯನ್ನೇ.

ಬಲೆ ಅಂಗಡಿಯಾತ ದಾರದ ಉರುಟು ಕೊಡುತ್ತ "ಯಾವ ಮೀನಿಗೆ?" ಎಂದು ಕೇಳಿದ. ವಿಷಯ ಹೇಳಿದೆ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಶೆಡ್ಡಿನವರು ಆಗಾಗ ಬಂದು ಒಯ್ಯುತ್ತಾರೆ ಎಂದು ಹೇಳಿ, ಸ್ವಲ್ಪ ಹೆಚ್ಚೇ ಬಿಚ್ಚಿ ಕೊಟ್ಟ.

ಮರಳಿ ಬಂದಾಗ ಕಾಕ ಹಿಂಬಾಗಿಲನ್ನು ಸೋಪು ನೀರಿನಲ್ಲಿ ತೊಳೆದು ಒರೆಸಿಟ್ಟಿದ್ದರು. ಅಕ್ಷರಗಳ ಸುತ್ತ ಕಾಗದದ ಟೇಪು ಅಂಟಿಸಿದ್ದರು, ಬಣ್ಣ ಗೀರಬಾರದೆಂದು. ಶೆಡ್ಡಿನಲ್ಲಿ ಬಿಸಿಗಾಳಿಯ ಗನ್ನು ಇತ್ತು, ಆದರೆ ಅವರು ತೆಗೆದುಕೊಂಡದ್ದು ತಲೆಕೂದಲು ಒಣಗಿಸುವ ಡ್ರೈಯರ್. ಗನ್ನಿನ ಬಿಸಿಗೆ ಬಣ್ಣವೇ ಗುಳ್ಳೆ ಏಳುತ್ತದಂತೆ. ಮೊದಲ ಅಕ್ಷರಕ್ಕೆ ಡ್ರೈಯರ್ ಆಡಿಸುತ್ತ, ನಡುನಡುವೆ ತಗಡಿಗೆ ಅಂಗೈ ಇಟ್ಟು ನೋಡುತ್ತಿದ್ದರು. ಕೈ ಇಟ್ಟರೆ ಮೂರು ಎಣಿಸುವವರೆಗೆ ತಡೆಯಬೇಕು, ನಾಲ್ಕಕ್ಕೆ ಕೈ ತಾನಾಗಿ ಹಿಂದೆ ಬರಬೇಕು. ಅವರ ಥರ್ಮಾಮೀಟರ್ ಅದು.

ಆಮೇಲೆ ದಾರ. ಎರಡೂ ತುದಿಯನ್ನು ಬೆರಳಿಗೆ ಸುತ್ತಿ, ಅಕ್ಷರದ ಹಿಂದೆ ತೂರಿಸಿ, ಗರಗಸದ ಹಾಗೆ ಆಚೀಚೆ ಮೆಲ್ಲ ಆಡಿಸಿದರು. ನಾನು ಉಸಿರು ಹಿಡಿದು ನೋಡುತ್ತಿದ್ದೆ. "ಎಳೀಬಾರ್ದು. ಎಳೆದ್ರೆ ಅದೂ ಎಳೀತದೆ. ಉಜ್ಜಿದ್ರೆ ಬಿಡ್ತದೆ."

ಅವರು ಹೇಳಿದ್ದರಲ್ಲಿ ಒಂದು ದೊಡ್ಡ ವಿಜ್ಞಾನವಿದೆ. ಅಕ್ಷರದ ಬೆನ್ನಿಗಿರುವುದು ಅಕ್ರಿಲಿಕ್ ನೊರೆಯ ಎರಡು ಮುಖದ ಟೇಪು. ಮೊಳೆ, ಬೆಸುಗೆ ಯಾವುದೂ ಇಲ್ಲದೆ ಲೋಹ ಲೋಹವನ್ನು ಹಿಡಿದಿಡುವ ಇಂಥ ಟೇಪನ್ನು ಅಮೆರಿಕದ 3ಎಂ ಕಂಪೆನಿ 1980ರಲ್ಲಿ ಮಾರುಕಟ್ಟೆಗೆ ತಂದಿತು. ಅದರ ಸ್ವಭಾವ ಅರ್ಧ ದ್ರವ, ಅರ್ಧ ರಬ್ಬರು. ಥಟ್ಟನೆ ಎಳೆದರೆ ಗಟ್ಟಿ ವಸ್ತುವಿನಂತೆ ಸೆಟೆದು ನಿಲ್ಲುತ್ತದೆ, ನಿಧಾನವಾಗಿ ಒತ್ತಡ ಬಿದ್ದರೆ ಮೇಣದಂತೆ ಹರಿಯುತ್ತದೆ. ಬಿಸಿ ಕೊಟ್ಟರೆ ಇನ್ನೂ ಮೆತ್ತಗಾಗುತ್ತದೆ. ಕೆಸರುಗುಂಡಿಯಲ್ಲಿ ಕಾಲು ಹೂತವರಿಗೆ ಇದು ಗೊತ್ತು. ಒದ್ದಾಡಿದಷ್ಟೂ ಬಿಗಿ, ಮೆಲ್ಲ ಆಡಿಸಿದರೆ ಬಿಡುಗಡೆ.

ಮೊದಲ ಅಕ್ಷರ ಕಾಕನ ಅಂಗೈಗೆ ಬಿತ್ತು. ಶಬ್ದವೇ ಇಲ್ಲ. ಹಣ್ಣಾದ ಹಲಸಿನ ತೊಳೆ ರಚ್ಚೆಯಿಂದ ಬಿಟ್ಟ ಹಾಗೆ.

ನಾನು ಅದನ್ನು ಕೇಳಿ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಎದುರಿನಿಂದ ನೋಡಿದರೆ ಬೆಳ್ಳಿ, ಹಿಂದಿನಿಂದ ಟೊಳ್ಳು ಪ್ಲಾಸ್ಟಿಕ್. ತೂಕ ಒಂದು ನೆಲ್ಲಿಕಾಯಿಯಷ್ಟೂ ಇಲ್ಲ. ಏಳು ವರ್ಷ ನಾವು ಲೋಹವೆಂದು ತಿಳಿದದ್ದು ಕೂದಲಿಗಿಂತ ತೆಳ್ಳಗಿನ ಪೊರೆ! ಆದರೆ ಆ ಪೊರೆಯನ್ನು ಹಚ್ಚುವ ಬಗೆ ತಿಳಿದಾಗ ಬೇಸರಪಡಲು ಆಗುವುದಿಲ್ಲ, ಕೈಮುಗಿಯಬೇಕೆನಿಸುತ್ತದೆ. ಪ್ಲಾಸ್ಟಿಕ್ಕಿಗೆ ಲೋಹ ಸುಮ್ಮನೆ ಅಂಟುವುದಿಲ್ಲ. ಎಬಿಎಸ್ ಎಂಬ ಈ ಪ್ಲಾಸ್ಟಿಕ್ಕಿನೊಳಗೆ ಸೂಕ್ಷ್ಮ ರಬ್ಬರು ಕಣಗಳು ಬೆರೆತಿರುತ್ತವೆ. ಕಾರ್ಖಾನೆಯಲ್ಲಿ ಅದನ್ನು ಆಮ್ಲದಲ್ಲಿ ಅದ್ದಿದಾಗ ಮೇಲ್ಮೈಯ ರಬ್ಬರು ಕಣಗಳು ಮಾತ್ರ ಕರಗಿ, ಕಣ್ಣಿಗೆ ಕಾಣದ ಸಾವಿರಾರು ಗುಳಿಗಳು ಉಳಿಯುತ್ತವೆ. ಆ ಗುಳಿಗಳಿಗೆ ಪಲ್ಲಾಡಿಯಂ ಕಣಗಳನ್ನು ಬಿತ್ತಿ, ಅದರ ಮೇಲೆ ವಿದ್ಯುತ್ತಿಲ್ಲದೆಯೇ ತೆಳುವಾದ ಲೋಹದ ಪೊರೆ ಬೆಳೆಸಿ, ಆಮೇಲೆ ವಿದ್ಯುತ್ತು ಹಾಯಿಸಿ ತಾಮ್ರ, ನಿಕ್ಕಲ್, ಕೊನೆಗೆ ಕ್ರೋಮಿಯಂ ಕೂರಿಸುತ್ತಾರೆ. ಹೊಳೆಯುವ ಆ ಕೊನೆಯ ಪದರ ಒಂದು ಮೈಕ್ರಾನಿನ ಅರ್ಧವೂ ಇರುವುದಿಲ್ಲ. ಗದ್ದೆಯ ಗುಳಿಯಲ್ಲಿ ನೇಜಿ ಬೇರು ಹಿಡಿಯುವಂತೆ ಲೋಹ ಪ್ಲಾಸ್ಟಿಕ್ಕಿನಲ್ಲಿ ಬೇರು ಬಿಡುತ್ತದೆ. ಮೀನಿನ ಪೆಟ್ಟಿಗೆ ಹೇರುವ ಗಾಡಿಯ ಬೆನ್ನಿನಲ್ಲಿ ಇಷ್ಟೊಂದು ವಿದ್ಯೆ ಹೊತ್ತು ತಿರುಗುತ್ತಿದ್ದೆವಲ್ಲ!

ಒಂದೊಂದೇ ಅಕ್ಷರ ಬಿಟ್ಟಿತು. ಹೆಸರು ಅರ್ಧವಾಯಿತು, ಅರ್ಥವಿಲ್ಲದ ಉಚ್ಚಾರವಾಯಿತು, ಎರಡೇ ಅಕ್ಷರವಾಯಿತು, ಇಲ್ಲವಾಯಿತು. ಆದರೆ ತಗಡಿನ ಮೇಲೆ ಅಂಟಿನ ಗುರುತು ಕಪ್ಪಾಗಿ ಹೆಸರನ್ನು ಇನ್ನೂ ಹೇಳುತ್ತಿತ್ತು. ಅದನ್ನು ಕಾಕ ಹೆಬ್ಬೆರಳಿನಿಂದ ಉರುಟು ಮಾಡುತ್ತ ತೆಗೆದರು, ಚಪಾತಿ ಹಿಟ್ಟು ಕೈಯಿಂದ ಬಿಡಿಸುವ ಹಾಗೆ. ಉಳಿದದ್ದಕ್ಕೆ ಥಿನ್ನರ್ ಹಾಕುವರೆಂದು ನಾನು ತಿಳಿದಿದ್ದೆ. ಅವರು ಹುಡುಗನಿಗೆ "ಎಣ್ಣೆ ತಾ" ಎಂದರು. ಬಂದದ್ದು ತೆಂಗಿನೆಣ್ಣೆ.

ಹಿಂದಿನ ರಾತ್ರಿಯಷ್ಟೇ ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷದವರು ಕೊನೆಯ ಆಟ ಮುಗಿಸಿ ಇದೇ ತೆಂಗಿನೆಣ್ಣೆಯಲ್ಲಿ ಮುಖ ಒರೆಸಿಕೊಳ್ಳುವುದನ್ನು ನೋಡಿದ್ದೆ. ಮೊದಲು ಬಣ್ಣ ಕಲಸುವುದೂ ಎಣ್ಣೆಯಲ್ಲಿ, ಕೊನೆಗೆ ಕಳಚುವುದೂ ಎಣ್ಣೆಯಲ್ಲಿ. ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಹಳೆ ಬನಿಯನ್ ಚೂರಿನಿಂದ ಒರೆಸಿದಾಗ ಅಂಟು ಬಟ್ಟೆಗೆ ಬಂತು. ಥಿನ್ನರ್ ಅಂಟನ್ನು ಮಾತ್ರ ತಿನ್ನುವುದಿಲ್ಲ, ಬಣ್ಣವನ್ನೂ ತಿನ್ನುತ್ತದೆ. ತೆಂಗಿನೆಣ್ಣೆಗೆ ಅಂಟೇ ಸಾಕು. ಕೊನೆಗೆ ಜಿಡ್ಡು ಹೋಗಲು ಸೋಪುನೀರು.

ಅಂಟು ಹೋದರೂ ಹೆಸರು ಹೋಗಲಿಲ್ಲ. ಇದು ನಾನು ಆ ದಿನ ಕಂಡ ಅತ್ಯಂತ ದೊಡ್ಡ ವಿಸ್ಮಯ. ಬಿಳಿಯ ತಗಡಿನ ಮೇಲೆ ಇನ್ನಷ್ಟು ಬಿಳಿಯಾಗಿ, ಹೊಳಪಾಗಿ, ಅಕ್ಷರಗಳು ನಿಂತಿದ್ದವು. ಅಕ್ಷರದ ಅಡಿಯಲ್ಲಿದ್ದ ಬಣ್ಣ ಏಳು ವರ್ಷ ಬಿಸಿಲು ಕಂಡಿರಲಿಲ್ಲ. ಅದು ಗಾಡಿ ಹುಟ್ಟಿದ ದಿನದ ಬಿಳಿ. ಸುತ್ತಲಿನದು ಏಳು ಬೇಸಿಗೆಯ ಬಿಳಿ, ಬೆರಳಾಡಿಸಿದರೆ ಸೀಮೆಸುಣ್ಣದಂಥ ಹುಡಿ ಬರುವ ಬಿಳಿ. ಬಿಳಿ ಬಣ್ಣಕ್ಕೆ ಜೀವ ಕೊಡುವುದು ಟೈಟಾನಿಯಂ ಡೈ ಆಕ್ಸೈಡ್. ನಮ್ಮದೇ ಪಡುಗಡಲ ತಡಿಯಲ್ಲಿ, ಕೊಲ್ಲಂ ಹತ್ತಿರದ ಚವರದ ಕಪ್ಪು ಮರಳಿನಿಂದಲೂ ಅದನ್ನು ತೆಗೆಯುತ್ತಾರೆ. ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಅದೇ ವಸ್ತು ತನ್ನನ್ನು ಹಿಡಿದಿಟ್ಟ ಅಂಟನ್ನು ಮೆಲ್ಲಮೆಲ್ಲನೆ ಮುರಿಯಲು ನೆರವಾಗುತ್ತದೆ, ಹಾಗಾಗಿ ಬಣ್ಣ ಹುಡಿಯಾಗುತ್ತದೆ. ಲಾಂಛನ ಒಂದು ಕೊಡೆಯಾಗಿ ತನ್ನ ಆಕಾರದಷ್ಟು ಜಾಗವನ್ನು ಕಾದಿತ್ತು. ಏಳು ವರ್ಷ ಬಿಸಿಲೇ ಕೂತು ಆ ಹೆಸರನ್ನು ತಗಡಿನ ಮೇಲೆ ಬರೆದಿತ್ತು!

ರಬ್ಬಿಂಗ್ ಕಾಂಪೌಂಡ್ ಹಚ್ಚಿ ಕಾಕ ಉಜ್ಜಲು ತೊಡಗಿದರು. ಸುತ್ತಲಿನ ಸತ್ತ ಪದರವನ್ನು ತೆಗೆದರೆ ಒಳಗಿನ ಹೊಸ ಬಿಳಿ ಬರುತ್ತದೆ, ಆಗ ಅಕ್ಷರದ ಜಾಗ, ಸುತ್ತಲ ಜಾಗ ಒಂದಾಗುತ್ತವೆ. ಆದರೆ ಎಷ್ಟು ಉಜ್ಜಬಹುದು? ಕಾರ್ಖಾನೆಯಲ್ಲಿ ಗಾಡಿಯ ಮೈಯನ್ನು ಇಡಿಯಾಗಿ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತು ಹಾಯಿಸಿ ಕೂರಿಸುವ ತಳದ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲ ಸೇರಿ ಸುಮಾರು ನೂರು ಮೈಕ್ರಾನ್. ನಮ್ಮ ತಲೆಯ ಒಂದೂವರೆ ಕೂದಲಿನ ದಪ್ಪ. ಅಷ್ಟರೊಳಗೆ ಎಲ್ಲಿ ನಿಲ್ಲಿಸಬೇಕೆಂದು ಕಾಕನ ಕೈಗೆ ಗೊತ್ತು. ಕಲ್ಲಡ್ಕದ ಲೋಟ ನೆನಪಾಯಿತು. ಚಮಚ ಇಳಿಸದೆ ಮೇಲಿನ ಪದರವನ್ನಷ್ಟೇ ಹೀರುವವರ ತಾಳ್ಮೆ ಬೇಕು ಇದಕ್ಕೆ.

ಊಟಕ್ಕೆ ಹತ್ತಿರದ ಖಾನಾವಳಿಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ.

ಮಧ್ಯಾಹ್ನದ ಕೆಲಸ ಬೇರೆ ಬಗೆಯದು, ನೋವಿನದು. ಮಡ್‌ಗಾರ್ಡಿನ ಫಲಕ ತೆಗೆದಾಗ ಅದರ ಹಿಂದಿನ ಎರಡೆರಡು ತೂತುಗಳ ಸುತ್ತ ತಗಡು ಬಿಸ್ಕತ್ತಿನಂತೆ ಪುಡಿಯಾಯಿತು. ಹೆಸರು ಕೂರಿಸಲೆಂದು ಮಾಡಿದ ತೂತಿನ ಅಂಚಿಗೆ ಬಣ್ಣ ಸರಿಯಾಗಿ ತಲುಪಿರಲಿಲ್ಲ. ಕಡಲಗಾಳಿಯ ಉಪ್ಪು ಅಲ್ಲಿಂದ ಒಳಗೆ ಹೋಗಿ ಏಳು ವರ್ಷ ತಿಂದಿತ್ತು. ಭಾವ ಏನೂ ಮಾತಾಡದೆ ಆ ಕೆಂಪು ಹುಡಿಯನ್ನು ಬೆರಳಲ್ಲಿ ತೆಗೆದು ನೋಡಿದರು. ಕಂತು ಕಟ್ಟಿದ ಒಂದೊಂದು ತಿಂಗಳೂ ಅವರ ಮುಖದಲ್ಲಿತ್ತು.

ಬರೀ ಪುಟ್ಟಿ ತುಂಬಿ ಬಣ್ಣ ಬಳಿದರೆ ಸಂಜೆಯೊಳಗೆ ಚಂದ ಕಾಣುತ್ತದೆ, ಮುಂದಿನ ವರ್ಷ ಬಿರಿಯುತ್ತದೆ. ಕಾಕ ಅದಕ್ಕೆ ಒಪ್ಪಲಿಲ್ಲ. ತುಕ್ಕನ್ನು ಬಿಳಿ ಲೋಹ ಕಾಣುವವರೆಗೆ ಉಜ್ಜಿ ತೆಗೆದರು. ನಾಣ್ಯದಷ್ಟಗಲದ ತಗಡಿನ ಚೂರನ್ನು ಹಿಂದಿನಿಂದ ಇಟ್ಟು, ತಗಡು ಬಿಸಿಗೆ ಸೊಟ್ಟಗಾಗದಂತೆ ಬಿಟ್ಟುಬಿಟ್ಟು ಬೆಸುಗೆ ಹಾಕಿದರು. ಅದರ ಮೇಲೆ ತೆಳು ಪುಟ್ಟಿ, ಉಪ್ಪುಕಾಗದ, ಪ್ರೈಮರ್, ಬಣ್ಣ. ಬಾಗಿಲಿನ ಬೀಡಿಂಗ್ ಕ್ಲಿಪ್ಪಿನ ಸಣ್ಣ ತೂತುಗಳಿಗೆ ರಬ್ಬರ್ ಬಿರಡೆ. ಕಮಾನಿನ ಪಟ್ಟಿಯ ಹಿಂದಿನಿಂದ ಅರ್ಧ ಬಕೆಟ್ ಕೆಸರು ಬಂತು, ಅದರಲ್ಲಿ ಮೊಳಕೆಯೊಡೆದ ಒಂದು ಹುಲ್ಲಿನ ಗಿಡವೂ ಇತ್ತು.

ಹೆಸರು ಕಿತ್ತು ತೂತು ಮುಚ್ಚುವ ಈ ಕೆಲಸ ಹೊಸದೇನಲ್ಲ. 1940ರ ದಶಕದಲ್ಲಿ ಕ್ಯಾಲಿಫೋರ್ನಿಯದ ಹುಡುಗರು ಹಳೆ ಕಾರುಗಳ ಲಾಂಛನ, ಪಟ್ಟಿ, ಹಿಡಿಕೆಗಳನ್ನೆಲ್ಲ ಕಿತ್ತು ಆ ತೂತುಗಳಿಗೆ ಕರಗಿಸಿದ ಸೀಸ ತುಂಬಿ ನಯಮಾಡುತ್ತಿದ್ದರು. ಆ ಕಾರುಗಳಿಗೆ ಲೆಡ್ ಸ್ಲೆಡ್ ಎಂಬ ಹೆಸರೇ ಬಂತು. ಜರ್ಮನಿಯಲ್ಲಿ ಮಾದರಿಯ ಹೆಸರಿಲ್ಲದ ಕಾರನ್ನೇ ಕಾರ್ಖಾನೆಯಿಂದ ಕೇಳಿ ತರಿಸಿಕೊಳ್ಳಬಹುದು. ಅಮೆರಿಕದ ಹಳೆಯ ಫೋರ್ಡ್, ಶೆವ್ರೊಲೆ ಪಿಕಪ್‌ಗಳ ಕಥೆ ಇನ್ನೊಂದು. ಅವುಗಳ ಹಿಂಬಾಗಿಲಿನಲ್ಲಿ ಹೆಸರನ್ನು ಅಂಟಿಸಿರಲಿಲ್ಲ, ತಗಡಿನಲ್ಲೇ ಒತ್ತಿ ಉಬ್ಬಿಸಿದ್ದರು. ಅದನ್ನು ಯಾವ ದಾರವೂ ಬಿಡಿಸಲಾರದು. ತೆಗೆಯಬೇಕಿದ್ದರೆ ತಗಡನ್ನೇ ಬದಲಿಸಬೇಕು. ಇದನ್ನು ಹೇಳಿದಾಗ ಕಾಕ ಮಾಡಿನತ್ತ ಬೆರಳು ತೋರಿಸಿದರು. "ಇದರ ಹಾಗೆ."

ಹೌದು, ಇದರ ಹಾಗೆ. ಹಸಿಮಣ್ಣು ಅಚ್ಚಿನಲ್ಲಿರುವಾಗಲೇ ಒತ್ತಿದ ಹೆಸರು ಒಲೆಯ ಬೆಂಕಿಯಲ್ಲಿ ಬೆಂದು ಮಣ್ಣಿನೊಡನೆ ಒಂದಾಗಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಶನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಒಡೆತನ ಹೋಯಿತು, ಬೋರ್ಡು ಬದಲಾಯಿತು. ಮಾಡುಗಳ ಮೇಲೆ ಆಗಲೇ ಕೂತಿದ್ದ ಹಂಚುಗಳಿಂದ ಮಾತ್ರ ಹೆಸರು ಅಳಿಸಲು ಯಾವ ಸರ್ಕಾರಕ್ಕೂ ಆಗಲಿಲ್ಲ. ನೂರಕ್ಕೂ ಹೆಚ್ಚು ಮಳೆಗಾಲ ಕಳೆದ ಮೇಲೂ ಅದು ನನ್ನ ತಲೆಯ ಮೇಲಿದೆ, ಓದಲು ಕನ್ನಡಕ ಸಹ ಬೇಡ.

ತೆಗೆಯಬಾರದ್ದೂ ಇದೆ, ಅದನ್ನು ಕಾಕನೇ ಖಡಾಖಂಡಿತವಾಗಿ ಹೇಳಿದರು. ನಂಬರ್ ಪ್ಲೇಟು, ಅದರ ಲಾಕು, ಮುಂದಿನ ಗಾಜಿನ ಮೇಲಿನ ಡೀಸೆಲ್ ಗಾಡಿಯ ಕಿತ್ತಳೆ ಬಣ್ಣದ ಸ್ಟಿಕ್ಕರ್, ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪು, ಇವಕ್ಕೆ ಕೈ ಹಚ್ಚುವಂತಿಲ್ಲ. ರಾತ್ರಿ ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಜೀವ ಉಳಿಸುವುದು ಆ ಟೇಪು. ಆರ್‌ಸಿಯಲ್ಲಿ ಬರೆದದ್ದಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೇ ಕಲಂ ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದಿದೆ. ಹಾಗಾಗಿ ಭಾವ ಬಣ್ಣ ಬದಲಿಸಲಿಲ್ಲ, ಅದೇ ಬಿಳಿ.

ಸಂಜೆ ಐದಕ್ಕೆ ಗಾಡಿಯನ್ನು ಹೊರಗೆ ತಂದು ನಿಲ್ಲಿಸಿದಾಗ ಹೊಳೆಯ ಕಡೆಯಿಂದ ಇಳಿಬಿಸಿಲು ಬಿತ್ತು. ಹಿಂಬಾಗಿಲು ಖಾಲಿ. ತಗಡಿನ ಒಂದು ಉದ್ದನೆಯ ಮಡಿಕೆ ಈ ತುದಿಯಿಂದ ಆ ತುದಿಗೆ ನೇರವಾಗಿ ಹರಿದಿರುವುದು ಆಗ ಕಣ್ಣಿಗೆ ಬಿತ್ತು. ಏಳು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ, ಹೆಸರು ಅದನ್ನು ಮುಚ್ಚಿತ್ತು. ಯಾವುದೋ ಕಾರ್ಖಾನೆಯಲ್ಲಿ ಯಾರೋ ಒಬ್ಬರು ಕಾಗದದ ಮೇಲೆ ಕೂತು ಎಳೆದ ಗೆರೆ ಅದು. ಅವರ ಹೆಸರು ಎಲ್ಲೂ ಇಲ್ಲ. ಓರೆಯಾಗಿ ನಿಂತು ನೋಡಿದರೆ ಅಕ್ಷರಗಳ ನೆರಳು ಇನ್ನೂ ತುಸು ಇತ್ತು. ಒಂದೆರಡು ಬೇಸಿಗೆ ಕಳೆದರೆ ಸುತ್ತಲಿನದರ ಜೊತೆ ಸೇರುತ್ತದೆ ಎಂದರು ಕಾಕ.

ಕೊನೆಗೊಮ್ಮೆ ಭಾವ ಬಗ್ಗಿ ಚಾಸಿಸ್ಸಿನ ಉಕ್ಕಿನ ಮೇಲೆ ಕೆಸರು ಒರೆಸಿ ಟಾರ್ಚ್ ಹಿಡಿದರು. ಹದಿನೇಳು ಅಕ್ಷರ ಮತ್ತು ಅಂಕಿ, ಉಕ್ಕಿನಲ್ಲೇ ಗುದ್ದಿ ಮೂಡಿಸಿದ್ದು. ಮೊದಲನೆಯದು ‘ಎಂ’, ಭಾರತದಲ್ಲಿ ಹುಟ್ಟಿದ ಗಾಡಿಗಳಿಗೆ ಅದರಿಂದಲೇ ಆರಂಭ. ಆಮೇಲೆ ಯಾರು ಮಾಡಿದ್ದು, ಯಾವ ಮಾದರಿ, ಎಷ್ಟನೆಯದು ಎಲ್ಲವೂ ಆ ಸಾಲಿನಲ್ಲಿದೆ. ಬೆಳ್ಳಿ ಬಣ್ಣವಿಲ್ಲ, ಹೊಳಪಿಲ್ಲ, ಯಾರೂ ನೋಡದ ಕಡೆ ಇದೆ. ಗಾಡಿಯ ನಿಜವಾದ ಹೆಸರು ಅದು. ಹಂಚಿನ ಹೆಸರಿನಂತೆ ಮೈಯೊಳಗೇ ಹುಟ್ಟಿದ ಹೆಸರು. ಭಾವ ಬಹಳ ಹೊತ್ತು ನೋಡಿ, "ಇದು ಇರ್ಲಿ" ಎಂದರು.

ಕಿತ್ತ ಅಕ್ಷರಗಳನ್ನು ಕಾಕ ಹಳೆಯ ಪತ್ರಿಕೆಯಲ್ಲಿ ಸುತ್ತಿ ನಮಗೇ ಕೊಟ್ಟರು. ಮಂಗಳಾದೇವಿಯ ಮುಂದೆ ಗಾಡಿ ನಿಲ್ಲಿಸಿ ಕೈಮುಗಿದು ಹೊರಟೆವು. ಈ ಊರಿಗೆ ಹೆಸರು ಬಂದದ್ದು ಈ ದೇವಿಯಿಂದ ಎನ್ನುತ್ತಾರೆ. ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ. ಇಂಗ್ಲಿಷಿನ ಮ್ಯಾಂಗಲೋರ್ 2014ರ ನವೆಂಬರ್ 1ರಂದು ಸರ್ಕಾರದ ಕಾಗದದಿಂದ ಇಳಿದು ಮಂಗಳೂರು ಆಯಿತು.

ಜೆಪ್ಪುವಿನ ತಿರುವಿನಲ್ಲಿ ಒಂದು ಹಳೆ ಮನೆಯ ಮಾಡು ಬಿಚ್ಚುತ್ತಿದ್ದರು. ಬಿಚ್ಚುತ್ತಿದ್ದರು ಎನ್ನುವುದಕ್ಕಿಂತ ಮೇಲಿನಿಂದ ಎಸೆಯುತ್ತಿದ್ದರು. ಒಂದೊಂದೂ ಎರಡು ಕಿಲೋಗೂ ಮಿಕ್ಕಿದ ಹಂಚು ಅಂಗಳಕ್ಕೆ ಬಿದ್ದು ಚೂರಾಗುತ್ತಿತ್ತು. ಭಾವ ಗಾಡಿ ನಿಲ್ಲಿಸಿದರು. ಮೇಸ್ತ್ರಿಯನ್ನು ಕೇಳಿ, ಒಡೆಯದೆ ಉಳಿದ ನಲವತ್ತು ಹಂಚುಗಳನ್ನು ನಾವಿಬ್ಬರೂ ಪಿಕಪ್ಪಿಗೆ ಹೇರಿದೆವು. ನಿಮ್ಮ ಮನೆಯದೋ ನೆರೆಮನೆಯದೋ ಮಾಡು ಇಳಿಯುವ ದಿನ ಬಂದರೆ, ಎಸೆಯುವ ಮೊದಲು ಒಂದು ಹಂಚನ್ನು ಮಗುಚಿ ಓದಿ. ಹೆಸರು, ಇಸವಿ ಇರುವ ಒಂದನ್ನಾದರೂ ಒಡೆಯದೆ ಕೆಳಗಿಳಿಸಿ, ಮನೆಯ ಮಕ್ಕಳ ಕೈಗೆ ಕೊಡಿ.